ಕಡಲ ತಳದಲ್ಲಿ ಎಷ್ಟು ಮಂದಿಗೆ ಜಾಗ? ಸಿಪಾದಾನ್ ದ್ವೀಪದ ಲೆಕ್ಕ ಮತ್ತು ನಮ್ಮ ನೇತ್ರಾಣಿ

ದಸರಾ ರಜೆ, ಕ್ರಿಸ್‌ಮಸ್ ರಜೆ ಬಂತೆಂದರೆ ಉತ್ತರ ದಿಕ್ಕಿಗೆ ಹೋಗುವ ರೈಲುಗಳಲ್ಲಿ ಕಾಸರಗೋಡು, ಕುಂಬಳೆ, ಮಂಜೇಶ್ವರದ ಹುಡುಗರ ಗುಂಪುಗಳು ಕಾಣಸಿಗುತ್ತವೆ. ಹಿಂದೆಲ್ಲ ಹೋಗುತ್ತಿದ್ದುದು ಮುರ್ಡೇಶ್ವರದ ದೊಡ್ಡ ಶಿವನನ್ನು ನೋಡಲು. ಈಗ ಶಿವನಿಗೆ ಕೆಳಗಿನಿಂದಲೇ ಒಂದು ಕೈಮುಗಿದು ಸೀದಾ ದೋಣಿ ಹತ್ತುವವರೇ ಹೆಚ್ಚು. ಗುರಿ ನೇತ್ರಾಣಿ ದ್ವೀಪ, ಉದ್ದೇಶ ಸ್ಕೂಬಾ ಡೈವಿಂಗ್. ಬೆನ್ನಿಗೆ ಗಾಳಿಯ ಸಿಲಿಂಡರ್, ಬಾಯಿಗೆ ನಳಿಗೆ, ಕಾಲಿಗೆ ರಬ್ಬರ್ ರೆಕ್ಕೆ ಕಟ್ಟಿಕೊಂಡು ನೀರಿನೊಳಗೆ ಇಳಿದು ಮೀನು, ಹವಳ ನೋಡಿ ಬರುವುದು. ಈಜು ಬಾರದವರನ್ನೂ ತರಬೇತುದಾರ ಕೈಹಿಡಿದು ಇಳಿಸಿಬಿಡುತ್ತಾನೆ. ಮೇಲೆ ಬಂದ ಮೇಲೆ ಒಂದು ವಿಡಿಯೋ ಕೊಡುತ್ತಾರೆ. ಆ ವಿಡಿಯೋ ನೋಡಿದ ಹತ್ತು ಮಂದಿ ಮುಂದಿನ ರಜೆಗೆ ಟಿಕೆಟ್ ಕಾಯ್ದಿರಿಸುತ್ತಾರೆ.

ಸಂತೋಷದ ಸಂಗತಿಯೇ. ಆದರೆ ಇಲ್ಲೊಂದು ಪ್ರಶ್ನೆ ಇದೆ. ಬಸ್ಸಿನಲ್ಲಿ ಎಷ್ಟು ಮಂದಿ ಕೂರಬಹುದೆಂದು ಬರೆದಿರುತ್ತದೆ. ಸಿನಿಮಾ ಟಾಕೀಸಿನಲ್ಲಿ ಸೀಟು ಮುಗಿದರೆ ಬಾಗಿಲಲ್ಲಿ ಬೋರ್ಡು ತೂಗುತ್ತದೆ. ಕಡಲಿನ ತಳದಲ್ಲಿ ಎಷ್ಟು ಮಂದಿಗೆ ಜಾಗ? ಅದನ್ನು ನಿರ್ಧರಿಸುವವರು ಯಾರು, ಯಾವ ಲೆಕ್ಕದ ಮೇಲೆ?

ಈ ಪ್ರಶ್ನೆಗೆ ತಡವಾಗಿ, ಕಷ್ಟಪಟ್ಟು ಉತ್ತರ ಹುಡುಕಿದ ಒಂದು ಜಾಗವಿದೆ. ಮಲೇಷ್ಯಾದ ಸಿಪಾದಾನ್. ಅದರ ಕತೆಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು.

ನಡೆದು ಸುತ್ತಬಹುದಾದ ದ್ವೀಪ

ಬೋರ್ನಿಯೋ ದ್ವೀಪದ ಸಬಾ ರಾಜ್ಯದ ಪೂರ್ವ ಕರಾವಳಿಯಲ್ಲಿ ಸೆಂಪೋರ್ನಾ ಎಂಬ ಪಟ್ಟಣ. ಅಲ್ಲಿಂದ ದಕ್ಷಿಣಕ್ಕೆ ಸುಮಾರು 36 ಕಿಲೋಮೀಟರ್ ದೂರದಲ್ಲಿ ಸೆಲೆಬಿಸ್ ಸಮುದ್ರದ ನಡುವೆ ಸಿಪಾದಾನ್ ಇದೆ. ಅರ್ಧ ಗಂಟೆಯಲ್ಲಿ ಒಂದು ಸುತ್ತು ಹಾಕಿ ಬರಬಹುದಾದಷ್ಟು ಚಿಕ್ಕದು. ಮೇಲಿನಿಂದ ನೋಡಿದರೆ ಮರಳು, ಮರ, ಅಷ್ಟೇ. ವಿಶೇಷ ಇರುವುದು ಕೆಳಗೆ. ಸಮುದ್ರತಳದಿಂದ ಸುಮಾರು 600 ಮೀಟರ್ ಎತ್ತರಕ್ಕೆ ಕಂಬದ ಹಾಗೆ ಎದ್ದು ನಿಂತ ದ್ವೀಪ ಇದು. ದಡದಿಂದ ನಾಲ್ಕು ಹೆಜ್ಜೆ ನೀರಿಗೆ ಇಳಿದರೆ ಸೊಂಟದ ಮಟ್ಟ, ಇನ್ನು ಸ್ವಲ್ಪ ಮುಂದೆ ಹೋದರೆ ನೇರ ಪಾತಾಳ! ಆ ಗೋಡೆಯ ಉದ್ದಕ್ಕೂ ಹವಳ, ಕಡಲಾಮೆ, ಸುಳಿಗಾಳಿಯಂತೆ ಸುತ್ತುವ ಬರಾಕುಡಾ ಮೀನಿನ ಹಿಂಡು.

1980ರ ದಶಕದಲ್ಲಿ ಇಲ್ಲಿಗೆ ಬರುತ್ತಿದ್ದವರು ಬೆರಳೆಣಿಕೆಯ ಡೈವರ್‌ಗಳು. 1989ರಲ್ಲಿ ಫ್ರಾನ್ಸಿನ ಪ್ರಸಿದ್ಧ ಕಡಲ ಅನ್ವೇಷಕ ಜಾಕ್ ಕೂಸ್ತೋ ಇಲ್ಲಿನ ಆಮೆಗಳ ಬಗ್ಗೆ ಒಂದು ಸಾಕ್ಷ್ಯಚಿತ್ರ ಮಾಡಿದರು. ಅಲ್ಲಿಂದ ದ್ವೀಪದ ಹಣೆಬರಹವೇ ಬದಲಾಯಿತು. ಅರ್ಧ ಗಂಟೆಯಲ್ಲಿ ಸುತ್ತಬಹುದಾದ ಜಾಗದಲ್ಲಿ ಒಂದರ ಪಕ್ಕ ಒಂದು ರೆಸಾರ್ಟ್ ಎದ್ದವು. ಕುಡಿಯಲು ಸಿಹಿನೀರು ಎಲ್ಲಿಂದ? ಶೌಚದ ನೀರು ಎಲ್ಲಿಗೆ? ಇಷ್ಟು ಚಿಕ್ಕ ದ್ವೀಪದಲ್ಲಿ ಮಳೆನೀರು ಮರಳಿನಡಿ ತೆಳ್ಳಗೆ ನಿಂತಿರುತ್ತದೆ. ಹೆಚ್ಚು ಎತ್ತಿದರೆ ಉಪ್ಪುನೀರು ನುಗ್ಗುತ್ತದೆ. ಕೊಳೆನೀರು ಇಂಗಿದರೆ ನೇರ ಹವಳದ ಮೇಲೆ. ಬಾವಿ ಉಪ್ಪಾಗುವುದೆಂದರೇನು ಎಂದು ಕರಾವಳಿಯ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಆದರೂ ರೆಸಾರ್ಟುಗಳನ್ನು ಎತ್ತಂಗಡಿ ಮಾಡಲು ಸರಕಾರಕ್ಕೆ ವರ್ಷಗಳೇ ಬೇಕಾದವು. ನಡುವೆ ಎರಡು ದೊಡ್ಡ ಘಟನೆ ನಡೆದವು. 2000ದ ಏಪ್ರಿಲ್ 23ರಂದು ಫಿಲಿಪ್ಪೀನ್ಸಿನ ಅಬು ಸಯ್ಯಾಫ್ ಬಂದೂಕುಧಾರಿಗಳು ದ್ವೀಪಕ್ಕೆ ನುಗ್ಗಿ ಪ್ರವಾಸಿಗಳು, ನೌಕರರು ಸೇರಿ 21 ಮಂದಿಯನ್ನು ದೋಣಿಯಲ್ಲಿ ಹೊತ್ತೊಯ್ದರು. ಇನ್ನೊಂದು, ಈ ದ್ವೀಪ ಯಾರದು ಎಂಬ ಜಗಳ. ಮಲೇಷ್ಯಾ ತನ್ನದೆಂದಿತು, ಇಂಡೋನೇಷ್ಯಾ ತನ್ನದೆಂದಿತು. ವ್ಯಾಜ್ಯ ಹೇಗಿನ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಹೋಗಿ, 2002ರ ಡಿಸೆಂಬರ್ 17ರಂದು ಮಲೇಷ್ಯಾದ ಪರ ತೀರ್ಪು ಬಂತು.

ಈ ತೀರ್ಪಿನಲ್ಲಿ ಒಂದು ಸ್ವಾರಸ್ಯ ಇದೆ. ಕೋರ್ಟು ಲೆಕ್ಕಕ್ಕೆ ಹಿಡಿದದ್ದು ರೆಸಾರ್ಟುಗಳನ್ನಲ್ಲ. ಬ್ರಿಟಿಷರ ಕಾಲದಲ್ಲಿ, 1917ರಲ್ಲಿ, ಕಡಲಾಮೆ ಮೊಟ್ಟೆ ಸಂಗ್ರಹಕ್ಕೆ ಮಾಡಿದ ಕಾನೂನು, 1933ರಲ್ಲಿ ದ್ವೀಪವನ್ನು ಹಕ್ಕಿಗಳ ರಕ್ಷಣಾ ತಾಣವೆಂದು ಸಾರಿದ್ದು, 1960ರ ದಶಕದ ದೀಪಸ್ತಂಭ, ಇವನ್ನು. ಅಂದರೆ ದ್ವೀಪವನ್ನು ಕಾಪಾಡಲು ಹಾಕಿದ ಮಿತಿಗಳೇ ಒಡೆತನಕ್ಕೆ ಸಾಕ್ಷಿಯಾದವು.

ಒಡೆತನ ಖಚಿತವಾದ ಮೇಲೆ ಸರಕಾರಕ್ಕೆ ಧೈರ್ಯ ಬಂತು. 2004ರ ಡಿಸೆಂಬರ್ 31ರೊಳಗೆ ಎಲ್ಲ ರೆಸಾರ್ಟುಗಳೂ ಜಾಗ ಖಾಲಿ ಮಾಡಬೇಕೆಂದು ಆದೇಶವಾಯಿತು. ಖಾಲಿಯೂ ಆಯಿತು. ಅಲ್ಲಿಂದಾಚೆಗೆ ಸಿಪಾದಾನ್‌ನಲ್ಲಿ ಪ್ರವಾಸಿಗಳು ರಾತ್ರಿ ಉಳಿಯುವಂತಿಲ್ಲ. ಬೆಳಗ್ಗೆ ಬಂದು ಸಂಜೆಯೊಳಗೆ ಹೊರಡಬೇಕು. ದಿನಕ್ಕೆ 120 ಮಂದಿಗೆ ಮಾತ್ರ ಪರ್ಮಿಟ್.

ಈ 120 ಎಂಬ ಸಂಖ್ಯೆ ಡೈವಿಂಗ್ ಲೋಕದಲ್ಲಿ ಬಹಳ ಹೆಸರುವಾಸಿ. ಎಲ್ಲಿ ಜನಸಂದಣಿಯ ಮಾತು ಬಂದರೂ ‘ಸಿಪಾದಾನ್ ನೋಡಿ, ಹೇಗೆ ಮಾಡಿದರು’ ಎನ್ನುತ್ತಾರೆ. ನೋಡೋಣ, ಹೇಗೆ ಮಾಡಿದರು ಎಂದು.

ಟಿಕೆಟ್ ಯಾರ ಕೈಯಲ್ಲಿ?

ನೀವು ಸೆಂಪೋರ್ನಾಕ್ಕೆ ಹೋಗಿ ಕೌಂಟರಿನಲ್ಲಿ ದುಡ್ಡು ಕೊಟ್ಟು ಪರ್ಮಿಟ್ ಪಡೆಯಬಹುದೆಂದುಕೊಂಡರೆ ತಪ್ಪು. ಪರ್ಮಿಟ್‌ಗಳನ್ನು ಡೈವಿಂಗ್ ಕಂಪೆನಿಗಳಿಗೆ, ರೆಸಾರ್ಟುಗಳಿಗೆ ಹಂಚಲಾಗುತ್ತದೆ. ಪ್ರವಾಸಿ ಅವರ ಮೂಲಕವೇ ಹೋಗಬೇಕು. ಇಂತಿಷ್ಟು ದಿನ ನಮ್ಮಲ್ಲಿ ಉಳಿದರೆ ಒಂದು ದಿನ ಸಿಪಾದಾನ್ ಎಂಬ ಪ್ಯಾಕೇಜು. ಪರ್ಮಿಟ್ಟಿನ ಶುಲ್ಕ ಬಹಳ ವರ್ಷ ಬರೇ 40 ರಿಂಗಿಟ್ ಇತ್ತು. ಆದರೆ ಆ ಚೀಟಿಗಾಗಿ ಜನ ಕೊಡುತ್ತಿದ್ದುದು ನಾಲ್ಕೈದು ದಿನದ ರೆಸಾರ್ಟ್ ಖರ್ಚು! ಮಿತಿ ಹಾಕಿದಾಗ ವಸ್ತುವಿನ ಬೆಲೆ ಏರುವುದು ಸಹಜ. ಏರಿದ ಬೆಲೆ ದ್ವೀಪದ ರಕ್ಷಣೆಗೆ ಹೋಗುತ್ತದೋ ಚೀಟಿ ಹಿಡಿದವನ ಗಲ್ಲಾಪೆಟ್ಟಿಗೆಗೆ ಹೋಗುತ್ತದೋ ಎಂಬುದನ್ನು ಮಿತಿ ಹಾಕುವ ದಿನವೇ ತೀರ್ಮಾನಿಸಬೇಕಿತ್ತು. ನನ್ನ ಮಟ್ಟಿಗೆ ಸಿಪಾದಾನ್ ಎಡವಿದ್ದು ಇಲ್ಲಿ.

ಇನ್ನೊಂದು ಸಂಗತಿ. ಚೀಟಿ ಸಿಗದ ದಿನಗಳಲ್ಲಿ ಪ್ರವಾಸಿಗಳು ಮನೆಗೆ ಹೋಗುವುದಿಲ್ಲ. ಪಕ್ಕದ ಮಾಬುಲ್, ಕಪಲಾಯ್ ಕಡೆ ನೀರಿಗಿಳಿಯುತ್ತಾರೆ. ಸಿಪಾದಾನ್‌ನಿಂದ ಎದ್ದ ರೆಸಾರ್ಟ್ ವ್ಯಾಪಾರ ಹೋಗಿ ಕೂತದ್ದೂ ಅಲ್ಲಿಯೇ. ಆ ಕಡಲಲ್ಲಿ ತಲೆತಲಾಂತರದಿಂದ ದೋಣಿಯಲ್ಲೇ ಬದುಕಿದ ಬಜಾವ್ ಲಾವುತ್ ಜನರಿದ್ದಾರೆ. ಅವರಲ್ಲಿ ಬಹಳಷ್ಟು ಮಂದಿಗೆ ಯಾವ ದೇಶದ ಪೌರತ್ವದ ಕಾಗದವೂ ಇಲ್ಲ. ಪರ್ಮಿಟ್ ಹಂಚಿಕೆಯ ಮೇಜಿನ ಯಾವ ಬದಿಯಲ್ಲೂ ಅವರಿಗೆ ಕುರ್ಚಿ ಇಲ್ಲ. ಒಂದು ದ್ವೀಪಕ್ಕೆ ಬೇಲಿ ಹಾಕಿದರೆ ನೆರೆಯ ದ್ವೀಪಕ್ಕೆ ಏನಾಗುತ್ತದೆ ಎಂಬ ಲೆಕ್ಕವೂ ಒಟ್ಟಿಗೇ ಆಗಬೇಕು. ತೋಟಕ್ಕೆ ಹಂದಿ ಬರದಂತೆ ಬೇಲಿ ಹಾಕಿದರೆ ಅದು ನೆರೆಮನೆಯ ತೋಟಕ್ಕೆ ನುಗ್ಗುತ್ತದೆ, ನಮ್ಮ ಅಡಿಕೆ ಬೆಳೆಗಾರರಿಗೆ ಗೊತ್ತು.

ಇಷ್ಟೆಲ್ಲ ಬಿಗಿ ಮಾಡಿದ ದ್ವೀಪಕ್ಕೆ ದೊಡ್ಡ ಪೆಟ್ಟು ಬಿದ್ದದ್ದು ಡೈವರ್‌ಗಳಿಂದಲ್ಲ ಎಂದರೆ ನಂಬುತ್ತೀರಾ? 2006ರ ಮೇ 15ರಂದು ಜಲ್ಲಿ, ಕಬ್ಬಿಣ, ಕಾಂಕ್ರೀಟ್ ಸಾಮಾನು, ಬುಲ್‌ಡೋಜರ್ ಹೇರಿಕೊಂಡ ಒಂದು ದೊಡ್ಡ ಬಾರ್ಜ್ ಬಂದು ಹವಳದ ದಿಬ್ಬದ ಮೇಲೆ ಹತ್ತಿಬಿಟ್ಟಿತು. 372 ಚದರ ಮೀಟರ್ ಹವಳ ಪುಡಿಯಾಯಿತೆಂದು ಅಂದಾಜು. ಸಾಮಾನು ತಂದದ್ದು ದ್ವೀಪದ ಮೇಲೆ ಪ್ರವಾಸಿ ಸೌಲಭ್ಯದ ಕಟ್ಟಡ ಕಟ್ಟಲಿಕ್ಕೆ! ಗಲಾಟೆಯಾಗಿ ಯೋಜನೆ ಕೈಬಿಡಲಾಯಿತು. ಬರುವವರ ತಲೆ ಎಣಿಸಿದರೆ ಸಾಲದು, ಅವರಿಗಾಗಿ ಏನೇನು ತರುತ್ತೇವೆ ಎಂಬುದನ್ನೂ ಎಣಿಸಬೇಕು.

ಮುಂದೆ 120 ಎಂಬ ಸಂಖ್ಯೆಯೂ ಉಳಿಯಲಿಲ್ಲ. ಬೇಡಿಕೆಯ ಒತ್ತಡಕ್ಕೆ 170ರ ಮೇಲಕ್ಕೆ ಏರಿತು. ಬದಲಿಗೆ ವರ್ಷಕ್ಕೆ ಒಂದು ತಿಂಗಳು ದ್ವೀಪವನ್ನು ಪೂರ್ತಿ ಮುಚ್ಚುವ ಪದ್ಧತಿ ಬಂತು. ಅನುಭವವಿಲ್ಲದ ಹೊಸ ಡೈವರ್‌ಗಳನ್ನು ಬಿಡದೆ, ಮುಂದಿನ ಹಂತದ ತರಬೇತಿ ಪಡೆದವರಿಗೆ ಮಾತ್ರ ಅವಕಾಶ ಎಂಬ ನಿಯಮವೂ ಸೇರಿತು. ವರ್ಷಕ್ಕೊಮ್ಮೆ ಕಡಲಿಗೆ ರಜೆ ಕೊಡುವುದು ನಮಗೆ ಹೊಸದಲ್ಲ. ಮಳೆಗಾಲದ ಟ್ರಾಲಿಂಗ್ ನಿಷೇಧವನ್ನು ಕೇರಳದವರೂ ಕರ್ನಾಟಕದವರೂ ಪ್ರತಿವರ್ಷ ಪಾಲಿಸುತ್ತೇವೆ, ಬೈದುಕೊಂಡಾದರೂ.

ಕಾಗದದ ಮೇಲೆ ಒಂದು ಗುಣಾಕಾರ

120 ಸರಿಯಾದ ಸಂಖ್ಯೆಯೇ? ಇದಕ್ಕೆ ವಿಜ್ಞಾನಿಗಳ ಒಂದು ಅಳತೆಗೋಲಿದೆ. 1990ರ ದಶಕದಲ್ಲಿ ಜೂಲಿ ಹಾಕಿನ್ಸ್ ಮತ್ತು ಕ್ಯಾಲಂ ರಾಬರ್ಟ್ಸ್ ಎಂಬ ಬ್ರಿಟಿಷ್ ವಿಜ್ಞಾನಿಗಳು ಈಜಿಪ್ಟಿನ ಕೆಂಪು ಸಮುದ್ರದಲ್ಲಿ ಹವಳಗಳನ್ನು ವರ್ಷಗಟ್ಟಲೆ ಗಮನಿಸಿದರು. ಅವರ ಅಂದಾಜು ಇಷ್ಟು: ಒಂದು ಡೈವಿಂಗ್ ತಾಣದಲ್ಲಿ ವರ್ಷಕ್ಕೆ 5ರಿಂದ 6 ಸಾವಿರ ಮುಳುಗುಗಳವರೆಗೆ ಹವಳ ಹೇಗೋ ತಡೆದುಕೊಳ್ಳುತ್ತದೆ. ಅದು ದಾಟಿದರೆ ಮುರಿದ, ಗೀರಿದ ಹವಳಗಳ ಪ್ರಮಾಣ ಬೇಗ ಏರುತ್ತದೆ. ಕೆರಿಬಿಯನ್ ಸಮುದ್ರದ ಬೋನೇರ್ ದ್ವೀಪದಲ್ಲಿ ಬೇರೆ ತಜ್ಞರು ಮಾಡಿದ ಲೆಕ್ಕವೂ ಹೆಚ್ಚುಕಡಿಮೆ ಇದರ ಹತ್ತಿರವೇ ಬಂತು.

ಈಗ ಸಿಪಾದಾನ್‌ನ ಗುಣಾಕಾರ ಮಾಡಿ. ಎಲ್ಲ ಪರ್ಮಿಟ್‌ಗಳೂ ಬಳಕೆಯಾದವು, ಒಬ್ಬೊಬ್ಬರು ದಿನಕ್ಕೆ ಮೂರು ಸಲ ಮುಳುಗಿದರು ಎಂದಿಟ್ಟುಕೊಳ್ಳಿ. 120 ಮಂದಿಗೆ ದಿನಕ್ಕೆ 360 ಮುಳುಗು, ವರ್ಷಕ್ಕೆ 1,31,400. ದ್ವೀಪದ ಸುತ್ತ ಇರುವುದು ಹನ್ನೆರಡು, ಹದಿಮೂರು ತಾಣ. ಹನ್ನೆರಡರಿಂದ ಭಾಗಿಸಿದರೆ ತಾಣವೊಂದಕ್ಕೆ ಸುಮಾರು 11 ಸಾವಿರ. ಅಂದರೆ ಆ ಅಳತೆಗೋಲಿನ ಇಮ್ಮಡಿ! ಅದೂ ಸಮನಾಗಿ ಹಂಚಿದರೆ. ವಾಸ್ತವದಲ್ಲಿ ಎಲ್ಲರಿಗೂ ಬರಾಕುಡಾ ಇರುವ ಜಾಗವೇ ಬೇಕು, ಎಲ್ಲರೂ ಬೆಳಗ್ಗೆಯೇ ಹೋಗಬೇಕು.

ಹಾಗಾದರೆ ಸಿಪಾದಾನ್ ಯಾವಾಗಲೋ ಹಾಳಾಗಿರಬೇಕಿತ್ತಲ್ಲ? ಅಷ್ಟು ಸರಳವಲ್ಲ. ಅಲ್ಲಿ ಡೈವರ್‌ಗಳು ಗೋಡೆಯ ಪಕ್ಕದಲ್ಲಿ, ಆಳ ನೀರಿನಲ್ಲಿ ತೇಲುತ್ತಾ ಸಾಗುತ್ತಾರೆ. ಕಾಲು ಬಡಿದರೂ ನೀರಿಗೆ ಬಡಿಯುತ್ತದೆ. ಅದೇ ಸಂಖ್ಯೆಯ ಮಂದಿ ಆರಡಿ ಆಳದ ಹವಳದ ಚಪ್ಪಡಿಯ ಮೇಲೆ ಬಿದ್ದರೆ ಕತೆ ಬೇರೆ. ಈಜು ಬಾರದವನೊಬ್ಬ ಮಾಡುವ ಹಾನಿಯೂ ನೂರು ಮುಳುಗು ಮುಗಿಸಿದವನು ಮಾಡುವ ಹಾನಿಯೂ ಒಂದೇ ಅಲ್ಲ. ಆದ್ದರಿಂದ ಒಂದೂರಿನ ಸಂಖ್ಯೆಯನ್ನು ಇನ್ನೊಂದೂರಿಗೆ ತಂದು ಅಂಟಿಸುವಂತಿಲ್ಲ. ಇಸ್ರೇಲಿನ ಐಲಾತ್‌ನಲ್ಲಿ ಹನ್ನೆರಡೇ ಕಿಲೋಮೀಟರ್ ಕರಾವಳಿಯಲ್ಲಿ ವರ್ಷಕ್ಕೆ ಎರಡೂವರೆ ಲಕ್ಷಕ್ಕೂ ಹೆಚ್ಚು ಮುಳುಗು ನಡೆಯುತ್ತಿದ್ದ ಕಾಲವಿತ್ತು. ಅಲ್ಲಿ ಒಡೆದ ಹವಳ ನೋಡಲು ಭೂತಗನ್ನಡಿ ಬೇಕಿರಲಿಲ್ಲ.

ಒಡೆದರೇನು, ಮತ್ತೆ ಬೆಳೆಯುವುದಿಲ್ಲವೇ ಎಂದು ಕೇಳುವವರಿದ್ದಾರೆ. ಬೆಳೆಯುತ್ತದೆ. ಕೊಂಬೆ ಕೊಂಬೆಯಾಗಿ ಚಾಚುವ ಹವಳ ವರ್ಷಕ್ಕೆ ಹತ್ತು ಸೆಂಟಿಮೀಟರ್ ಬೆಳೆದೀತು. ಬಂಡೆಯಂತೆ ದುಂಡಗಿರುವ ಜಾತಿ ವರ್ಷಕ್ಕೆ ಬೆಳೆಯುವುದು ಒಂದು ಸೆಂಟಿಮೀಟರಿನ ಆಸುಪಾಸು. ನಿಮ್ಮ ಎದೆಮಟ್ಟದ ಒಂದು ಹವಳದ ಗುಂಡು ಅಂದರೆ ಗಾಂಧೀಜಿ ಇದ್ದ ಕಾಲದ್ದು ಎಂದು ತಿಳಿಯಿರಿ. ಕಾಲಿನ ರಬ್ಬರ್ ರೆಕ್ಕೆ ತಾಗಿ ಅದರ ಮೈ ಗೀರಿದರೆ, ಕೆದರಿದ ಮರಳು ಅದರ ಮೇಲೆ ಕೂತರೆ, ಒಳಗಿನ ಜೀವ ಉಸಿರು ಕಟ್ಟುತ್ತದೆ.

ನೀರಿನೊಳಗಿನ ಕಣ್ಣು

ಎಷ್ಟು ಮಂದಿ ಎಂಬುದರಷ್ಟೇ ಮುಖ್ಯ, ಅವರು ಕೆಳಗೆ ಹೇಗಿರುತ್ತಾರೆ ಎಂಬುದು. ಈ ಬಗ್ಗೆ ಎರಡು ಅಧ್ಯಯನಗಳು ನನಗೆ ಬಹಳ ಮುಖ್ಯವೆನಿಸುತ್ತವೆ.

ಮೊದಲನೆಯದು 1997ರದು, ಈಜಿಪ್ಟಿನ ರಾಸ್ ಮೊಹಮ್ಮದ್ ರಾಷ್ಟ್ರೀಯ ಉದ್ಯಾನದಲ್ಲಿ ನಡೆದದ್ದು. ಡೈವರ್‌ಗಳು ಹವಳಕ್ಕೆ ಎಷ್ಟು ಸಲ ತಾಗುತ್ತಾರೆಂದು ಏಳು ಏಳು ನಿಮಿಷ ಎಣಿಸಿದರು. ತಲಾ 1.4 ಸಲ. ಬಳಿಕ ಅವರನ್ನು ಕೂರಿಸಿ, ಚಿತ್ರ ತೋರಿಸಿ, ಹವಳ ಎಂದರೆ ಕಲ್ಲಲ್ಲ, ಜೀವ ಎಂದು ವಿವರಿಸಿ, ನೀರಿನಲ್ಲೂ ತೋರಿಸಿಕೊಟ್ಟರು. ಆಮೇಲೆ ಎಣಿಸಿದಾಗ 0.4ಕ್ಕೆ ಇಳಿದಿತ್ತು. ಒಬ್ಬನನ್ನೂ ಕಡಿಮೆ ಮಾಡದೆ ತಾಗುವಿಕೆ ಮೂರನೇ ಒಂದು ಭಾಗಕ್ಕಿಂತ ಕೆಳಗೆ ಬಂತು!

ಎರಡನೆಯದು 2004ರಲ್ಲಿ ಪ್ರಕಟವಾದದ್ದು, ಕೆರಿಬಿಯನ್‌ನ ಸೇಂಟ್ ಲೂಸಿಯಾ ದ್ವೀಪದ್ದು. 353 ಡೈವರ್‌ಗಳನ್ನು ಅವರಿಗೆ ಗೊತ್ತಾಗದಂತೆ ಗಮನಿಸಿದರು. ನಾಲ್ವರಲ್ಲಿ ಮೂವರು ಒಮ್ಮೆಯಾದರೂ ಹವಳಕ್ಕೆ ತಾಗಿದ್ದರು. ಕ್ಯಾಮೆರಾ ಹಿಡಿದವರು ಎಲ್ಲರಿಗಿಂತ ಹೆಚ್ಚು. ದೋಣಿಯಲ್ಲಿ ಹೊರಡುವಾಗ ‘ಯಾರೂ ಮುಟ್ಟಬೇಡಿ ಆಯ್ತಾ’ ಎಂದು ಒಂದು ಮಾತು ಹೇಳಿದ್ದರಿಂದ ಏನೂ ಪ್ರಯೋಜನವಾಗಲಿಲ್ಲ. ಪ್ರಯೋಜನವಾದದ್ದು ನೀರಿನೊಳಗೆ ಮುಂದಾಳು ಕಣ್ಣಿಟ್ಟು, ತಪ್ಪು ಮಾಡಿದವನ ಬಳಿ ಹೋಗಿ ಕೈಸನ್ನೆ ಮಾಡಿ ಸರಿಪಡಿಸಿದಾಗ ಮಾತ್ರ.

ಎರಡನ್ನೂ ಒಟ್ಟಿಗೆ ಓದಿದರೆ ಒಂದು ವಿಷಯ ಹೊಳೆಯುತ್ತದೆ. ಒಬ್ಬ ಮುಂದಾಳಿಗೆ ನಾಲ್ಕು ಮಂದಿಯ ಮೇಲೆ ಕಣ್ಣಿಡಲು ಆದೀತು, ಹನ್ನೆರಡು ಮಂದಿಯ ಮೇಲೆ ಆಗದು. ಆದ್ದರಿಂದ ದ್ವೀಪಕ್ಕೆ ದಿನಕ್ಕಿಷ್ಟು ಎಂಬ ದೊಡ್ಡ ಮಿತಿಗಿಂತ ಮೊದಲು, ಒಬ್ಬ ತರಬೇತುದಾರನಿಗೆ ಇಷ್ಟು ಎಂಬ ಸಣ್ಣ ಮಿತಿ ಬರಬೇಕು. ಇದಕ್ಕೆ ಸರಕಾರದ ಗೆಜೆಟ್ಟೂ ಬೇಡ, ಡೈವಿಂಗ್ ನಡೆಸುವವರೇ ಮಾಡಬಹುದು. ಕಷ್ಟ ಎಲ್ಲಿ? ರಜೆ ದಿನದ ಗಿರಾಕಿಯನ್ನು ಹಿಂದೆ ಕಳಿಸಬೇಕಾಗುತ್ತದೆ, ಅಲ್ಲಿ.

ಬೋನೇರ್ ದ್ವೀಪದವರು ಬೇರೊಂದು ಹಾದಿ ಹಿಡಿದರು. 1979ರಲ್ಲೇ ಕಡಲ ಉದ್ಯಾನ ಮಾಡಿದರು. ಹವಳದ ಮೇಲೆ ಲಂಗರು ಹಾಕುವುದನ್ನೇ ನಿಷೇಧಿಸಿ, ತಳಕ್ಕೆ ಕಾಯಂ ಆಗಿ ಬಿಗಿದ ಹಗ್ಗ, ಅದರ ತುದಿಗೆ ತೇಲುವ ಗುಂಡು ಇಟ್ಟು ದೋಣಿಗಳನ್ನು ಅದಕ್ಕೇ ಕಟ್ಟಿಸಿದರು. ಡೈವರ್‌ಗಳು ಕೈಗವಸು ತೊಡುವಂತಿಲ್ಲ ಎಂದರು. ಬರಿಗೈಯವನು ಹವಳ ಹಿಡಿಯಲು ಹೆದರುತ್ತಾನೆ, ಎಷ್ಟು ಸರಳ ಉಪಾಯ ನೋಡಿ! 1992ರಿಂದ ಪ್ರತಿ ಡೈವರ್‌ನಿಂದ ವರ್ಷಕ್ಕೆ ಹತ್ತು ಡಾಲರ್ ಶುಲ್ಕ ತೆಗೆದುಕೊಂಡು ಉದ್ಯಾನದ ಖರ್ಚನ್ನು ಅದರಿಂದಲೇ ನಡೆಸಿದರು. ಮುಂದೆ ಶುಲ್ಕ ಏರಿತು, ಪದ್ಧತಿ ಉಳಿಯಿತು.

ಥಾಯ್ಲೆಂಡಿನ ಬಾಗಿಲು

ಥಾಯ್ಲೆಂಡಿನವರದು ಬಾಗಿಲು ಮುಚ್ಚುವ ದಾರಿ. ಅಂಡಮಾನ್ ಸಮುದ್ರದ ಕೊ ತಾಚಾಯ್ ಎಂಬ ದ್ವೀಪದ ಕಡಲತೀರಕ್ಕೆ ಹೆಚ್ಚೆಂದರೆ 70 ಮಂದಿ ಹಿಡಿಸುತ್ತಾರೆಂದು ಅಲ್ಲಿನ ಅಧಿಕಾರಿಗಳೇ ಹೇಳಿದ್ದರು. ಬರುತ್ತಿದ್ದವರು ಕೆಲವು ದಿನ ಸಾವಿರಕ್ಕೂ ಹೆಚ್ಚು. 2016ರಲ್ಲಿ ಅದನ್ನು ಮುಚ್ಚಿದರು. ಹತ್ತಿರದ ಸಿಮಿಲನ್ ದ್ವೀಪಗಳಿಗೆ 2018ರ ಅಕ್ಟೋಬರಿನಿಂದ ದಿನಕ್ಕೆ 3,325 ಪ್ರವಾಸಿಗಳು, 525 ಡೈವರ್‌ಗಳು ಎಂಬ ಮಿತಿ ಬಂತು. ರಾತ್ರಿ ವಾಸ್ತವ್ಯ ನಿಂತಿತು. ದೋಣಿ ಮಾಲೀಕರು ಬೀದಿಗಿಳಿದು ಪ್ರತಿಭಟಿಸಿದರು. ಅವರ ಸಿಟ್ಟಿಗೂ ಕಾರಣವಿತ್ತು. ವರ್ಷಗಟ್ಟಲೆ ಬರಲು ಬಿಟ್ಟು, ಸಾಲ ಮಾಡಿ ದೋಣಿ ಕೊಂಡ ಮೇಲೆ ಒಂದು ಬೆಳಗ್ಗೆ ಸಂಖ್ಯೆ ತಂದು ಅಂಟಿಸಿದರೆ ಯಾರು ಸುಮ್ಮನಿದ್ದಾರು?

ಸಿನಿಮಾದಿಂದ ಹೆಸರಾದ ಮಾಯಾ ಬೇ ಎಂಬ ಕೊಲ್ಲಿಯನ್ನು 2018ರ ಜೂನ್‌ನಲ್ಲಿ ಮುಚ್ಚಿ ತೆರೆದದ್ದು 2022ರ ಜನವರಿಯಲ್ಲಿ. ಅಷ್ಟರಲ್ಲಿ ಕಪ್ಪುತುದಿಯ ತಾಟೆಗಳು ಹಿಂಡುಹಿಂಡಾಗಿ ಮರಳಿದ್ದವು. ದೋಣಿಗಳನ್ನು ಈಗ ಕೊಲ್ಲಿಯೊಳಕ್ಕೆ ಬಿಡುವುದಿಲ್ಲ, ಹಿಂಬದಿಯಲ್ಲಿ ಇಳಿದು ನಡೆದು ಬರಬೇಕು. ತಲೆ ಎಣಿಕೆಗಿಂತ ಈ ಒಂದು ಬದಲಾವಣೆಯೇ ಹೆಚ್ಚು ಕೆಲಸ ಮಾಡಿರಬೇಕೆಂದು ನನ್ನ ಊಹೆ.

ಥಾಯ್ಲೆಂಡಿನಿಂದ ಕಲಿಯಬೇಕಾದ ಇನ್ನೊಂದು ವಿಷಯವಿದೆ. 2016ರಲ್ಲಿ ಕಡಲು ಬಿಸಿಯೇರಿ ಹವಳ ಬಿಳಿಚಿಕೊಂಡಾಗ ಅವರು ಕೆಲವು ಡೈವಿಂಗ್ ತಾಣಗಳನ್ನು ತಾತ್ಕಾಲಿಕವಾಗಿ ಮುಚ್ಚಿದರು. ಡೈವರ್‌ಗಳನ್ನು ತಡೆದರೆ ಕಡಲು ತಣ್ಣಗಾಗುವುದಿಲ್ಲ, ನಿಜ. ಆದರೆ ಜ್ವರದಲ್ಲಿ ಮಲಗಿದವನ ಕೋಣೆಗೆ ನೆಂಟರ ದಂಡು ನುಗ್ಗುವುದನ್ನು ತಡೆಯಬಹುದಲ್ಲ. ಮಿತಿ ಎಂದರೆ ಒಂದೇ ಅಂಕಿ ಕಲ್ಲಿನಲ್ಲಿ ಕೆತ್ತಿದಂತೆ ಇರಬೇಕಾಗಿಲ್ಲ, ಕಡಲಿನ ಸ್ಥಿತಿ ನೋಡಿ ಏರಿಸಿ ಇಳಿಸಬಹುದು ಎಂಬುದಕ್ಕೆ ಇದು ಉದಾಹರಣೆ.

ನಮ್ಮ ಕಡಲಿಗೆ ಬಂದರೆ

ಬಿಸಿಯ ಮಾತು ಬಂದದ್ದರಿಂದ ಲಕ್ಷದ್ವೀಪದ ಮಾತು ಹೇಳಲೇಬೇಕು. ಕಾಸರಗೋಡಿನವರಿಗೆ ಅದು ಹೊರಗಿನ ಸುದ್ದಿಯಲ್ಲ. 1956ರ ನವೆಂಬರ್ 1ರವರೆಗೆ ಕಾಸರಗೋಡು ತಾಲೂಕು ಹೇಗೆ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತೋ ಹಾಗೆಯೇ ಅಮಿನಿ, ಕಡ್ಮತ್, ಕಿಲ್ತಾನ್, ಚೆತ್ಲತ್, ಬಿತ್ರ ಎಂಬ ಅಮಿನ್‌ದೀವಿ ದ್ವೀಪಗಳೂ ಅದೇ ಜಿಲ್ಲೆಯಲ್ಲಿದ್ದವು. ಅಲ್ಲಿನ ತೆಂಗಿನ ನಾರು ಮಂಗಳೂರಿಗೆ ಬರುತ್ತಿತ್ತು, ಇಲ್ಲಿನ ಅಕ್ಕಿ ಅಲ್ಲಿಗೆ ಹೋಗುತ್ತಿತ್ತು. ಒಂದೇ ದಿನ ಇಬ್ಬರೂ ಬೇರೆ ಬೇರೆ ಮನೆ ಸೇರಿದೆವು. ಈಗ ಕಡ್ಮತ್ ಡೈವಿಂಗಿಗೆ ಹೆಸರಾದ ದ್ವೀಪ.

ಲಕ್ಷದ್ವೀಪಕ್ಕೆ ಹೋಗಲು ಹೊರಗಿನವರಿಗೆ ಪರ್ಮಿಟ್ ಬೇಕು. ಹಾಗಾಗಿ ಅಲ್ಲಿ ಬಾಗಿಲು ಮೊದಲಿನಿಂದಲೂ ಅರ್ಧ ಮುಚ್ಚಿಯೇ ಇದೆ. ಸುಪ್ರೀಂ ಕೋರ್ಟು 2012ರಲ್ಲಿ ನೇಮಿಸಿದ, ಹಿಂದೆ ಕರ್ನಾಟಕ ಹೈಕೋರ್ಟಿನಲ್ಲಿ ನ್ಯಾಯಾಧೀಶರಾಗಿದ್ದ ನ್ಯಾಯಮೂರ್ತಿ ಆರ್. ವಿ. ರವೀಂದ್ರನ್ ಅವರ ಸಮಿತಿ ದ್ವೀಪಗಳಿಗೆ ಒಟ್ಟಾರೆ ನಿರ್ವಹಣಾ ಯೋಜನೆ ಬೇಕೆಂದಿತು. ಪ್ರತಿ ದ್ವೀಪ ಎಷ್ಟು ಭಾರ ಹೊರಬಲ್ಲದೆಂದು ನೋಡಿಯೇ ಕಟ್ಟಡ, ಪ್ರವಾಸೋದ್ಯಮ ಎಂಬುದು ಅದರ ಸಾರ. 2024ರ ಜನವರಿಯಲ್ಲಿ ಪ್ರಧಾನಿ ಭೇಟಿಯ ಚಿತ್ರಗಳು ಬಂದ ಮೇಲೆ ದೇಶವಿಡೀ ಲಕ್ಷದ್ವೀಪದ ಜಪ ಶುರುವಾಯಿತು. ಅದೇ ವರ್ಷ ಬೇಸಿಗೆಯಲ್ಲಿ ಅಲ್ಲಿನ ಹವಳ ಮತ್ತೆ ಬಿಳಿಚಿಕೊಂಡಿತು. 1998, 2010, 2016ರ ಬಳಿಕ ಇದು ಇನ್ನೊಂದು ದೊಡ್ಡ ಹೊಡೆತ. ಮೈಸೂರಿನಲ್ಲಿ ನೆಲೆಯುಳ್ಳ ನೇಚರ್ ಕನ್ಸರ್ವೇಶನ್ ಫೌಂಡೇಶನ್‌ನ ವಿಜ್ಞಾನಿಗಳು ಅಗತ್ತಿ, ಕಡ್ಮತ್, ಕವರತ್ತಿಯ ಹವಳಗಳನ್ನು 1998ರಿಂದ ಅಳೆಯುತ್ತಾ ಬಂದಿದ್ದಾರೆ. ಜೀವಂತ ಹವಳದ ಹೊದಿಕೆ 24 ವರ್ಷಗಳಲ್ಲಿ ಶೇಕಡಾ 37ರ ಸುಮಾರಿನಿಂದ 20ರ ಆಸುಪಾಸಿಗೆ ಬಂದಿದೆ. ಇದರಲ್ಲಿ ಡೈವರ್‌ಗಳ ಪಾಪ ಏನೂ ಇಲ್ಲವೆನ್ನುವಷ್ಟು ಕಡಿಮೆ, ಬಿಸಿಯದ್ದೇ ಎಲ್ಲ. ಆದರೆ ಅರ್ಧ ಉಳಿದದ್ದರ ಮೇಲೆ ಪೂರ್ತಿ ಇದ್ದಾಗಿನ ಲೆಕ್ಕದಲ್ಲಿ ಜನರನ್ನು ಬಿಡಬಹುದೇ?

ಇನ್ನು ನೇತ್ರಾಣಿ. ಭಟ್ಕಳ ತಾಲೂಕಿನ ಮುರ್ಡೇಶ್ವರದ ದಡದಿಂದ ಸುಮಾರು 19 ಕಿಲೋಮೀಟರ್. ನೌಕಾಪಡೆ ಗುರಿ ಅಭ್ಯಾಸಕ್ಕೆ ಗುಂಡು ಹಾರಿಸುತ್ತಿದ್ದ ದ್ವೀಪ ಎಂದು ಹಿರಿಯರಿಗೆ ನೆನಪಿರಬಹುದು. ಬಿಳಿಹೊಟ್ಟೆಯ ಕಡಲ ಹದ್ದು ಗೂಡು ಕಟ್ಟುವ ಜಾಗ. ಸಿಪಾದಾನ್‌ನಂತೆ ಪಾತಾಳಕ್ಕಿಳಿಯುವ ಹವಳದ ಗೋಡೆ ಇಲ್ಲಿಲ್ಲ. ಮುಳುಗಿದ ಬಂಡೆಗಳ ಮೇಲೆ ಅಲ್ಲಲ್ಲಿ ಹವಳ, ಬಂಡೆಗಳ ಸಂದಿನಲ್ಲಿ ಮೀನು. ಬರುವವರಲ್ಲಿ ಹೆಚ್ಚಿನವರು ಜೀವನದಲ್ಲಿ ಮೊದಲ ಸಲ ನೀರಿಗಿಳಿಯುವವರು. ಅವರನ್ನು ಆಳಕ್ಕೆ ಒಯ್ಯುವಂತಿಲ್ಲ, ಹವಳವಿರುವ ಕಡಿಮೆ ಆಳದಲ್ಲೇ ಸುತ್ತಿಸಬೇಕು. ಒಬ್ಬೊಬ್ಬರಿಗೆ ಒಬ್ಬ ತರಬೇತುದಾರ ಹಿಡಿದುಕೊಂಡೇ ಇದ್ದರೆ ಹಾನಿ ಕಡಿಮೆ. ಫೋಟೋಗೆಂದು ಬಂಡೆ ಹಿಡಿಸಿ ನಿಲ್ಲಿಸಿದರೆ ಹೆಚ್ಚು. ಹಾಗಾಗಿ ಸಿಪಾದಾನ್‌ನ 120 ಆಗಲಿ, ಕೆಂಪು ಸಮುದ್ರದ 6 ಸಾವಿರವಾಗಲಿ ಇಲ್ಲಿಗೆ ಅಳವಡಿಸಲು ಬರುವುದಿಲ್ಲ. ನೇತ್ರಾಣಿಯ ಬಂಡೆಗಳನ್ನೇ ವರ್ಷ ವರ್ಷ ಅಳೆದು, ಚಿತ್ರ ತೆಗೆದಿಟ್ಟು ಇಲ್ಲಿನದೇ ಸಂಖ್ಯೆ ಕಂಡುಕೊಳ್ಳಬೇಕು.

ಸಂಖ್ಯೆ ಎಂದರೆ ಹವಳಕ್ಕೆ ಮಾತ್ರ ಎಂದುಕೊಳ್ಳಬೇಡಿ. 2022ರ ಮೇ ತಿಂಗಳಲ್ಲಿ ಮಹಾರಾಷ್ಟ್ರದ ತಾರ್ಕರ್ಲಿಯಲ್ಲಿ ಸ್ಕೂಬಾ ಮುಗಿಸಿ ಮರಳುತ್ತಿದ್ದ ಪ್ರವಾಸಿ ದೋಣಿ ಮಗುಚಿ ಇಬ್ಬರು ಸತ್ತರು. 2024ರ ಡಿಸೆಂಬರಿನಲ್ಲಿ ಮುರ್ಡೇಶ್ವರದ ಕಡಲಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ ಕೋಲಾರ ಜಿಲ್ಲೆಯ ನಾಲ್ವರು ವಿದ್ಯಾರ್ಥಿನಿಯರು ನೀರುಪಾಲಾದರು. ಅದು ಡೈವಿಂಗ್ ಅಲ್ಲ, ದಡದ ಅಲೆ. ಬಳಿಕ ಬೀಚಿಗೆ ಪ್ರವೇಶವನ್ನೇ ನಿಲ್ಲಿಸಲಾಯಿತು, ಹೋಟೆಲಿನವರು, ದೋಣಿಯವರು, ಚುರುಮುರಿ ಮಾರುವವರು ಎಲ್ಲ ಕೈಕಟ್ಟಿ ಕೂತರು. ಮೊದಲು ಲೆಕ್ಕವಿಲ್ಲದೆ ಬಿಡುವುದು, ಅನಾಹುತವಾದ ಮೇಲೆ ಎಲ್ಲವನ್ನೂ ಮುಚ್ಚುವುದು. ಥಾಯ್ಲೆಂಡಿನಲ್ಲೂ ಇದೇ ಆದದ್ದು.

ನೇತ್ರಾಣಿಗೆ ಒಂದು ಅನುಕೂಲ ಇದೆ. ಇಲ್ಲಿ ಇನ್ನೂ ರೆಸಾರ್ಟ್ ಎದ್ದಿಲ್ಲ, ಎತ್ತಂಗಡಿ ಮಾಡಬೇಕಾದದ್ದು ಏನೂ ಇಲ್ಲ. ದ್ವೀಪದಲ್ಲಿ ಯಾರೂ ವಾಸವಿಲ್ಲ. ಹೋಗುವ ದಾರಿ ಒಂದೇ, ದೋಣಿ. ದೋಣಿ ಎಣಿಸಿದರೆ ಮಂದಿ ಎಣಿಸಿದಂತೆ. ದಡದಲ್ಲೇ ಒಂದು ಪುಸ್ತಕ ಇಟ್ಟು ಯಾವ ದೋಣಿ, ಎಷ್ಟು ಮಂದಿ, ಎಷ್ಟು ತರಬೇತುದಾರರು, ಯಾವ ಬಂಡೆ ಎಂದು ಬರೆದಿಟ್ಟರೂ ಸಾಕು, ಎರಡು ವರ್ಷದಲ್ಲಿ ಲೆಕ್ಕ ಕೈಗೆ ಸಿಗುತ್ತದೆ. ಲಂಗರಿನ ಬದಲು ಬೋನೇರ್‌ನವರ ತೇಲುಗುಂಡು ಹಾಕಲು ದೊಡ್ಡ ಖರ್ಚಿಲ್ಲ. ಇನ್ನು ಚೀಟಿ ಹಂಚುವ ಕಾಲ ಬಂದರೆ ಅದು ಎರಡು ಮೂರು ದೊಡ್ಡ ಕೈಗಳಿಗೆ ಸೇರದೆ, ದೋಣಿ ನಡೆಸುವ ಮೀನುಗಾರ ಮನೆಯವರಿಗೂ ಪಾಲು ಸಿಗುವಂತೆ ಮೊದಲೇ ಬರೆದಿಡಬೇಕು. ಸೆಂಪೋರ್ನಾದಲ್ಲಿ ಬರೆಯದೆ ಬಿಟ್ಟದ್ದು ಅದನ್ನೇ.

ಈ ರಜೆಗೆ ನೀವು ಹೋಗುವವರಾದರೆ ದುಡ್ಡು ಕಟ್ಟುವ ಮೊದಲು ಎರಡು ಮಾತು ಕೇಳಿ. ಒಬ್ಬ ತರಬೇತುದಾರನಿಗೆ ಎಷ್ಟು ಮಂದಿ? ದೋಣಿಯನ್ನು ಅಲ್ಲಿ ಯಾವುದಕ್ಕೆ ಕಟ್ಟುತ್ತೀರಿ? ಸರಿಯಾದ ಉತ್ತರ ಕೊಡುವವರು ನೂರಿನ್ನೂರು ರೂಪಾಯಿ ಹೆಚ್ಚು ಕೇಳಿದರೆ ಕೊಡಿ. ಮಳೆಗಾಲದಲ್ಲಿ ಹೇಗೂ ಹೋಗಲಾಗದು. ಆಗ ಅಲೆಯೇ ಬಾಗಿಲು ಹಾಕಿರುತ್ತದೆ. ಮತ್ತೆ ದೋಣಿಗಳು ನೇತ್ರಾಣಿಯ ಕಡೆ ಮುಖ ಮಾಡುವುದು ಅಕ್ಟೋಬರ್ ಹೊತ್ತಿಗೆ.